ಅಡುಗೆಮನೆಗೊಂದು ಚಂಚಿ

ಭಾರತ ಹುಣ್ಣಿಮೆ ಸಮೀಪಿಸಿದರೆ ಯರಗಟ್ಟಿಯ ಕೂಡುರಸ್ತೆಯಲ್ಲಿ ನಿಂತು ನೋಡಬೇಕು. ಗೋಕಾಕ ಕಡೆಯಿಂದ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಟ್ರ್ಯಾಕ್ಟರುಗಳು. ತಾಡಪತ್ರಿ ಕಟ್ಟಿದ ಟ್ರೇಲರಿನೊಳಗೆ ಇಡೀ ಮನೆತನ, ಜೊತೆಗೆ ಇಡೀ ಅಡುಗೆಮನೆ. ಗುಡ್ಡದ ಬಯಲಲ್ಲೇ ಒಲೆ ಹೂಡಿ, ಹೋಳಿಗೆ, ಕಡುಬು ಮಾಡಿ ದೇವಿಯ ಎಡೆಗೆ ಪಡ್ಡಲಗಿ ಬುಟ್ಟಿ ತುಂಬಿಸಬೇಕು. ಬೆಂಗಳೂರಿನಲ್ಲಿ ಈಗ ಬಾಡಿಗೆಗೆ ಸಿಗುವ ಕ್ಯಾಂಪರ್ ವ್ಯಾನಿನವರಿಗೂ ಇದೇ ಚಿಂತೆ: ಅಂಗೈಯಗಲದ ಜಾಗದಲ್ಲಿ ಸಾಮಾನು ಎಲ್ಲಿಡುವುದು?

“ಅತ್ತಿ, ಇಷ್ಟೂ ಡಬ್ಬಿ ಇಟ್ಟರ ಮಂದಿ ಎಲ್ಲಿ ಕುಂದ್ರಬೇಕ್ರಿ?” ಎಂದು ಸೊಸೆ ಕೇಳುವುದು ನ್ಯಾಯವೇ. ಡಬ್ಬಿ ತುಂಬಿದ್ದರೂ ಅಷ್ಟೇ ಜಾಗ, ಬರಿದಾದರೂ ಅಷ್ಟೇ ಜಾಗ. ಅರಿವೆಯ ಚೀಲ ಹಾಗಲ್ಲ; ಹಿಟ್ಟು ತೀರಿದಂತೆ ತಾನೂ ಕುಗ್ಗುತ್ತದೆ, ಕೊನೆಗೆ ಮಡಚಿ ಇನ್ನೊಂದರ ಅಡಿಗೆ ತುರುಕಬಹುದು. ಬಿಸಿ ಆರದ ರೊಟ್ಟಿ ಡಬ್ಬಿಯಲ್ಲಿ ಬೆವರುತ್ತದೆ, ಅರಿವೆಯಲ್ಲಿ ಬೆವರುವುದಿಲ್ಲ. ದಾರಿಯುದ್ದಕ್ಕೂ ಗಡಗಡ ಸದ್ದಿಲ್ಲ ಎಂಬುದು ಮೇಲಿನ ಲಾಭ.

ಇದಕ್ಕೆ ಮಾದರಿ ನಮ್ಮ ಅಜ್ಜಿಯರ ಚಂಚಿ. ಎಲೆಗೊಂದು ಕಿಸೆ, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು. ಎಲ್ಲಕ್ಕೂ ಒಳಗೆ, ಯಾರ ಕೈಗೂ ಸಿಗದಂತೆ, ರೊಕ್ಕ. ಗೇಣಗಲದ ಅರಿವೆಯಲ್ಲಿ ಒಂದರ ಮೇಲೊಂದು ಕಿಸೆ ಹೊಲಿದು, ಮಡಚಿ ಕಸಿ ಕಟ್ಟಿದರೆ ಸೊಂಟಕ್ಕೆ ಸಿಕ್ಕಿಸುವಷ್ಟು ಚಿಕ್ಕದು. ಅದನ್ನೇ ಒಂದು ಮೊಳಕ್ಕೆ ಹಿಗ್ಗಿಸಿ, ಹಳೆಯ ಜೀನ್ಸ್ ಪ್ಯಾಂಟಿನಿಂದಲೋ ಕ್ಯಾನ್ವಾಸಿನಿಂದಲೋ ಹೊಲಿದು, ಟ್ರೇಲರಿನ ಪಕ್ಕದ ಹಲಗೆಗೆ ತೂಗುಹಾಕಿದರೆ ಗೋಡೆಯೇ ಇಲ್ಲದ ಅಡುಗೆಮನೆಗೆ ಕಪಾಟು ಸಿಕ್ಕಿತು.

ಹೊಲಿಯುವಾಗ ಗುಟ್ಟೆಲ್ಲ ಕಿಸೆಯ ಅಗಲದಲ್ಲಿದೆ. ಹಿಂದಿನ ಅರಿವೆಯಷ್ಟೇ ಅಗಲದ ತುಂಡು ಹಚ್ಚಿದರೆ ಕಿಸೆ ಚಪ್ಪಟೆಯಾಗಿ, ಚಮಚ ಬಿಟ್ಟು ಬೇರೇನೂ ಹೋಗುವುದಿಲ್ಲ. ತುಂಡು ಅಗಲವಾಗಿರಲಿ, ಹೆಚ್ಚಿನದನ್ನು ತಳದ ಎರಡೂ ಮೂಲೆಗಳಲ್ಲಿ ನಿರಿಗೆ ಹಿಡಿಯಿರಿ. ಆಗ ಚಟ್ನಿಪುಡಿಯ ಬಾಟಲಿಯೂ ಕೂರುತ್ತದೆ. ಭಾರ ಬೀಳುವುದು ತಳಕ್ಕೆ, ಹಾಗಾಗಿ ಅಲ್ಲಿ ಎರಡು ಸಾಲು ಹೊಲಿಗೆ; ತೂಗುಹಾಕುವ ಕುಣಿಕೆಗೆ ಹಳೆಯ ಸೀರೆಯ ದಡಿಗಿಂತ ಗಟ್ಟಿಯಾದದ್ದು ಮನೆಯಲ್ಲಿ ಸಿಗಲಾರದು. ಮಷೀನಿಗೆ 18ನೇ ನಂಬರಿನ ಸೂಜಿ ಬೇಕು. ನಾಲ್ಕೈದು ಪದರ ಸೇರುವ ಕಡೆ ಅದೂ ಮುರಿಯಬಹುದು; ಅಲ್ಲಿ ದಬ್ಬಣವೇ ಗತಿ.

ಭಾರದ ಕಾಳುಕಡಿಗೆ ಹಸಿಬಿ ಚೀಲ ಇನ್ನೂ ಚೆಂದ. ಎರಡೂ ತುದಿ ಮುಚ್ಚಿ ನಡುವೆ ಬಾಯಿ ಬಿಟ್ಟ ಈ ಜೋಡಿಚೀಲವನ್ನು ಹಲಗೆಯ ಮೇಲೆ ಇಳಿಬಿಟ್ಟರೆ ಆಚೆ ಜೋಳ, ಈಚೆ ಬೇಳೆ, ತೂಕ ಸಮಸಮ. ಮೊಳೆಯೂ ಬೇಡ.

ಎಣ್ಣೆಯನ್ನು ಮಾತ್ರ ಅರಿವೆಯ ಸಮೀಪ ಸುಳಿಯಗೊಡಬಾರದು, ಅದಕ್ಕೆ ತಗಡಿನ ಡಬ್ಬಿಯೇ ಸೈ. ಬಿಳಿ ಕ್ಯಾನ್ವಾಸ್ ಕೊಳ್ಳುವುದೂ ಬೇಡ. “ಉಧೋ ಉಧೋ” ಎನ್ನುವಾಗ ಹಾರುವ ಭಂಡಾರದ ಅರಿಶಿನ ಒಮ್ಮೆ ಹಿಡಿದರೆ ಎಷ್ಟು ಒಗೆದರೂ ಬಿಡುವುದಿಲ್ಲ.