ಪತ್ರ ಎಣಿಸುವುದೋ, ತೂಗುವುದೋ?

ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ 1944ರಲ್ಲಿ ಹುಟ್ಟಿದ ಸಂಘ. ಅದರ ಹವ್ಯಾಸಿ ರೇಸಿನ ನಿಯಮ ಬದಲಾಗಬೇಕೆಂದು ಯಾವ ಸದಸ್ಯರಾದರೂ ಪತ್ರ ಬರೆಯಬಹುದು. ಸಮಿತಿ ಪರಿಶೀಲಿಸುತ್ತದೆ, ಚುನಾಯಿತ ನಿರ್ದೇಶಕ ಮಂಡಳಿ ತೀರ್ಮಾನಿಸುತ್ತದೆ.

ತೊಡಕು ಇರುವುದು ಇಲ್ಲಿ. ಒಂದು ಮಾದರಿಯ ಕಾರಿಗೆ ಐವತ್ತು ಪೌಂಡ್ ಹೆಚ್ಚುವರಿ ತೂಕ ಹೇರಬೇಕೇ ಎಂಬ ಪ್ರಶ್ನೆ ಬಂತೆನ್ನಿ. ಆ ಕಾರನ್ನು ಚೆನ್ನಾಗಿ ಬಲ್ಲವನು ಅದನ್ನು ಓಡಿಸುವವನೇ; ದೊಡ್ಡ ಪಕ್ಷಪಾತಿಯೂ ಅವನೇ. ಅವನನ್ನು ಹೊರಗಿಟ್ಟರೆ ತಿಳಿವಳಿಕೆಯೇ ಹೋಗುತ್ತದೆ. ಪತ್ರಗಳನ್ನು ಎಣಿಸಿದರೆ ಗೆಳೆಯರನ್ನು ಒಟ್ಟುಗೂಡಿಸಬಲ್ಲವನು ಗೆಲ್ಲುತ್ತಾನೆ. ಒಬ್ಬನೇ ಗ್ಯಾರೇಜಿನಲ್ಲಿ ದುಡಿಯುವವನು ಸೋಲುತ್ತಾನೆ.

ಸದಸ್ಯನ ಪತ್ರವನ್ನು ನಾನು ಸಾಕ್ಷ್ಯವೆಂದು ನೋಡುತ್ತೇನೆ. ಸಾಕ್ಷಿಗಳ ತಲೆ ಎಣಿಸಿ ಯಾರೂ ತೀರ್ಪು ಕೊಡುವುದಿಲ್ಲ, ಹೇಳಿದ್ದನ್ನು ತೂಗುತ್ತಾರೆ. ಆದ್ದರಿಂದ ಬರೆಯುವವನು ತನ್ನ ಕಾರು ಯಾವುದೆಂದು ಮೊದಲೇ ಹೇಳಬೇಕು. ತೂಗುವವರಿಗೂ ಒಂದು ಋಣವಿದೆ: ಯಾಕೆ ಒಪ್ಪಲಿಲ್ಲ ಎಂದು ತಿಳಿಸುವ ಋಣ. ಬರಿಯ ಧನ್ಯವಾದದಿಂದ ಅದು ತೀರದು.

ಸಮಿತಿಯವರೂ ಬಿಡುವಿನಲ್ಲಿ ದುಡಿಯುವ ಸ್ವಯಂಸೇವಕರು, ಎಲ್ಲರಿಗೂ ಉತ್ತರಿಸಲಾದೀತೇ ಎನ್ನಬಹುದು. ಪ್ರತಿ ಪತ್ರಕ್ಕೆ ಬೇಡ, ಪ್ರತಿ ವಾದಕ್ಕೆ ಒಂದು ಉತ್ತರ ಸಾಕು. ನೂರು ಪತ್ರಗಳಲ್ಲಿ ಹೊಸ ವಾದಗಳು ನಾಲ್ಕೋ ಐದೋ ಇದ್ದಾವು.

ವಾದದಲ್ಲಿ ಸೋತವನೂ ಮುಂದಿನ ರೇಸಿನಲ್ಲಿ ಆ ತೂಕ ಹೊತ್ತೇ ಓಡಬೇಕು. ಯಾಕೆ ಹೊರುತ್ತಿದ್ದೇನೆಂದು ಅವನಿಗೆ ಗೊತ್ತಿರಬೇಡವೇ?