ಕೈಬಿಟ್ಟ ಹಗ್ಗ

ಕಳೆದ ಪುಷ್ಯಮಾಸದ ಒಂದು ಮುಂಜಾವು, ಮಗನ ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡು, ಮನೆಯ ನಾಯಿಯೊಡನೆ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಹಾದಿ ಹಿಡಿದೆನು. 1930 ಮೀಟರ್ ಎತ್ತರದ, ಕರ್ನಾಟಕದ ಈ ಅತ್ಯುನ್ನತ ಶಿಖರದ ಹುಲ್ಲಿನ ಇಳಿಜಾರಿನಲ್ಲಿ ಗಾಳಿಗೆ ತಡೆಯೆಂಬುದಿಲ್ಲ. ಮಂಜು ಸರಿದು ಕಣಿವೆ ತೋರಿದ ಕ್ಷಣದಲ್ಲಿ, ಎರಡೂ ಕೈಗಳು ಕ್ಯಾಮೆರಾಕ್ಕೆ ಬೇಕಾಗಿ, ನಾಯಿಯ ಹಗ್ಗವನ್ನು ಬಿಟ್ಟೆನು. ಅದು ಹುಲ್ಲಿಗೆ ನುಗ್ಗಿತು. ಅಡಗಿದ್ದ ಹಕ್ಕಿಯೊಂದು ಚೀರುತ್ತ ಮೇಲೆದ್ದು ಗಾಳಿಯ ಹೊಡೆತಕ್ಕೆ ಓಲಾಡಿತು. ಅಷ್ಟರಲ್ಲಿ ನನ್ನ ಬೆರಳು ಗುಂಡಿಯನ್ನು ಒತ್ತಿಯಾಗಿತ್ತು.

ಚಿತ್ರವನ್ನು ಮನೆಮಂದಿಯೆಲ್ಲ ಮೆಚ್ಚಿದರು. ಯಾವ ಜೀವವೂ ಹೋಗಲಿಲ್ಲವಲ್ಲ ಎಂದು ನಾನೂ ಸಮಾಧಾನ ತಂದುಕೊಂಡೆನು. ಆದರೆ ಅದು ಜಮೆಯನ್ನಷ್ಟೇ ಬರೆದು ಖರ್ಚನ್ನು ಬಿಟ್ಟ ಲೆಕ್ಕ. ಚಳಿಯಲ್ಲಿ ಹಕ್ಕಿ ಹುಲ್ಲಿನ ಮರೆಯಲ್ಲಿ ಮುದುಡಿ ಕೂರುವುದು ಮೈಯ ಬಿಸಿಯನ್ನು ಉಳಿಸಿಕೊಳ್ಳಲೆಂದು. ಬೆದರಿ ಹಾರಿದಾಗ ಆ ಉಳಿತಾಯ ವೆಚ್ಚವಾಗುತ್ತದೆ. ನಾಯಿಯನ್ನು ದೂರಲಾರೆ, ಬೆನ್ನಟ್ಟುವುದು ಅದರ ಸ್ವಭಾವ, ಹಗ್ಗ ಹಿಡಿದಿರುವುದು ನನ್ನ ಕರ್ತವ್ಯ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮೊದಲು ಎಣಿಸುತ್ತದೆ. ನೋಯಿಸುವ ಮನಸ್ಸಿಲ್ಲದವನೂ ಎಚ್ಚರಗೇಡಿಯಾಗಿರಬಲ್ಲನು.

ಚೆಲುವನ್ನು ಕಾಣುವುದು ದೋಷವಲ್ಲ. ಅದನ್ನು ನಮ್ಮದಾಗಿಸಿಕೊಳ್ಳುವ ಆತುರದಲ್ಲಿ ಕೈಯಲ್ಲಿದ್ದ ಹೊಣೆಯನ್ನು ಬಿಡುವುದು ದೋಷ. ಆ ಚಿತ್ರಕ್ಕೆ ಕಟ್ಟು ಹಾಕಿಸಲಿಲ್ಲ. ಗುಡ್ಡಕ್ಕೆ ಈಗಲೂ ಹೋಗುತ್ತೇನೆ. ನಾಯಿ ಜೊತೆಗಿರುವ ದಿನ ಕ್ಯಾಮೆರಾ ಮನೆಯಲ್ಲಿರುತ್ತದೆ.