ಅಗುಳು, ರಾಶಿ ಮತ್ತು ಅನುಮಾನದ ಅಧಿಕಾರ

ಕಂಡ ಕೆಲವನ್ನು ಆಧರಿಸಿ ಕಾಣದ ಎಲ್ಲದರ ಬಗ್ಗೆ ತೀರ್ಪು ಹೇಳುವ ಅಧಿಕಾರ ಮನುಷ್ಯನಿಗೆ ಎಲ್ಲಿಂದ ಬಂತು ಎಂಬುದು ಭಾರತೀಯ ದರ್ಶನಗಳಲ್ಲಿ ಹಳೆಯ ಪ್ರಶ್ನೆ. ಪ್ರತ್ಯಕ್ಷವೊಂದನ್ನೇ ಪ್ರಮಾಣವೆಂದು ಒಪ್ಪಿದ ಚಾರ್ವಾಕರು, ಹೊಗೆಯಿರುವಲ್ಲೆಲ್ಲ ಬೆಂಕಿಯಿರುತ್ತದೆ ಎಂಬ ವ್ಯಾಪ್ತಿಯನ್ನು, ಅಂದರೆ ಎರಡರ ತಪ್ಪದ ಸಂಬಂಧವನ್ನು, ಎಲ್ಲ ಹೊಗೆಯನ್ನೂ ನೋಡದವನು ಹೇಗೆ ಸಾರಬಲ್ಲನೆಂದು ಆಕ್ಷೇಪಿಸಿದರು. ಶಾಸ್ತ್ರಕಾರರು ಬಳಸುವ ಸ್ಥಾಲೀಪುಲಾಕ ನ್ಯಾಯವಾದರೋ ಒಂದು ಅಗುಳನ್ನು ಹಿಸುಕಿ ಇಡೀ ಪಾತ್ರೆಯ ಅನ್ನ ಬೆಂದಿದೆಯೆಂದು ತೀರ್ಮಾನಿಸುತ್ತದೆ. ಒಂದೇ ನೀರಿನಲ್ಲಿ, ಒಂದೇ ಉರಿಯ ಮೇಲೆ ಬೆಂದದ್ದರಿಂದಲೇ ಆ ಅಗುಳಿಗೆ ಉಳಿದವುಗಳ ಪರವಾಗಿ ಸಾಕ್ಷಿ ಹೇಳುವ ಯೋಗ್ಯತೆ ಇದೆ.

ತುಂಗಭದ್ರಾ ಕಾಲುವೆಯ ನೀರಿಗೆ ಭತ್ತ ಬೆಳೆಯುವ ಸಿರುಗುಪ್ಪ, ಕುರುಗೋಡು ಸೀಮೆಯ ರಾಶಿಗೆ ಆ ಯೋಗ್ಯತೆ ತಾನಾಗಿ ಒದಗುವುದಿಲ್ಲ. ಮೇಲಿನ ಕಾಳು ಬಿಸಿಲಿಗೆ ಒಣಗಿದ್ದರೂ ತಳದ್ದು ಹಸಿಯಾಗಿರಬಹುದಾದ್ದರಿಂದ, ಪ್ರತಿ ಚೀಲಕ್ಕೂ ಸಮಾನ ಅವಕಾಶ ಸಿಗುವಂತೆ ಮಾದರಿಯನ್ನು ಆಯಬೇಕಾಗುತ್ತದೆ. ಸರ್ಕಾರಿ ಖರೀದಿಯಲ್ಲಿ ಭತ್ತದ ತೇವಾಂಶದ ಮಿತಿ ಶೇ 17. ರಾಶಿಯ ಸರಾಸರಿ ಅದನ್ನು ಮೀರಿಲ್ಲ ಎಂಬುದೇ ಇಲ್ಲಿ ಶೂನ್ಯ ಪ್ರಾಕ್ಕಲ್ಪನೆ, ಅಂದರೆ ವಿರುದ್ಧ ಸಾಕ್ಷ್ಯ ಸಿಗುವವರೆಗೆ ಎತ್ತಿಹಿಡಿಯುವ ಹೇಳಿಕೆ. 16 ಚೀಲಗಳ ಸರಾಸರಿ 17.6 ಎಂದೂ ಅಳತೆಗಳ ಚದುರುವಿಕೆಯನ್ನು ತಿಳಿಸುವ ಪ್ರಮಾಣಿತ ವಿಚಲನೆ 1.2 ಎಂದೂ ಇಟ್ಟುಕೊಂಡರೆ, ಅದನ್ನು 16ರ ವರ್ಗಮೂಲವಾದ 4ರಿಂದ ಭಾಗಿಸಿದಾಗ ಬರುವ 0.3 ಮಾದರಿ ಸರಾಸರಿಯ ಸಹಜ ಓಲಾಟ. ಕಂಡ ಅಂತರ 0.6, ಅದರ 2 ಪಟ್ಟು. ಡಬ್ಲಿನ್ನಿನ ಗಿನ್ನೆಸ್ ಸಂಸ್ಥೆಯಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಿಂದ ದಾರಿ ತೋರಿದ ಟಿ ಪರೀಕ್ಷೆಯ ಪ್ರಕಾರ, ನಿಜವಾದ ಸರಾಸರಿ 17 ಆಗಿದ್ದಾಗಲೂ ಈ ಅನುಪಾತ 1.753 ದಾಟುವ ಸಂಭವ ಶೇ 5. ಆ ಮಟ್ಟದಲ್ಲಿ ಹೇಳಿಕೆ ಬೀಳುತ್ತದೆ. ಶೇ 1ರ ಮಟ್ಟ ಹಿಡಿದರೆ 2.602 ದಾಟಬೇಕಾಗಿ, ಅದೇ ರಾಶಿ ಉಳಿಯುತ್ತದೆ. ಉಳಿದ ಮಾತ್ರಕ್ಕೆ ಹೇಳಿಕೆ ಸಾಬೀತಾಯಿತೆಂದು ಅರ್ಥವಲ್ಲ.

ಯಾವ ಮಟ್ಟವನ್ನು ಹಿಡಿಯಬೇಕೆಂದು ಗಣಿತ ಹೇಳುವುದಿಲ್ಲ. ಒಣ ರಾಶಿಯನ್ನು ಹಸಿಯೆಂದು ತಳ್ಳಿದರೆ ಪೆಟ್ಟು ರೈತನಿಗೆ. ಹಸಿಯನ್ನು ಒಪ್ಪಿಕೊಂಡರೆ ಗೋದಾಮಿನಲ್ಲಿ ಬೂಸ್ಟು ಹಿಡಿದು ಪೆಟ್ಟು ಉಣ್ಣುವವರಿಗೆ. ಯಾರ ನಷ್ಟಕ್ಕೆ ಎಷ್ಟು ತೂಕವೆಂಬುದು ಧರ್ಮದ ಪ್ರಶ್ನೆಯೇ ಆದ್ದರಿಂದ, ಅದನ್ನು ಅಳತೆಗೆ ಮುನ್ನವೇ, ರೈತನ ಎದುರಿನಲ್ಲೇ ಇತ್ಯರ್ಥಪಡಿಸಬೇಕು. ಚಾರ್ವಾಕರ ಆಕ್ಷೇಪವನ್ನು ಈ ಪರೀಕ್ಷೆ ಖಂಡಿಸುವುದಿಲ್ಲ, ಗೌರವದಿಂದ ಒಳಗೆ ಸೇರಿಸಿಕೊಳ್ಳುತ್ತದೆ: ತಾನು ಎಷ್ಟು ಸಲ ತಪ್ಪಬಹುದೆಂದು ಮೊದಲೇ ಹೇಳಿಕೊಳ್ಳುತ್ತದೆ. ಒಂದು ತಪ್ಪನ್ನು ಹೆಚ್ಚಿಸದೆ ಇನ್ನೊಂದನ್ನು ತಗ್ಗಿಸಬೇಕಾದರೆ ಹೆಚ್ಚು ಚೀಲ ತೆರೆಯಬೇಕು. 64 ಚೀಲಗಳಲ್ಲಿ ಓಲಾಟ 0.15ಕ್ಕೆ ಇಳಿಯುತ್ತದೆ. ಆ ಶ್ರಮ ತೀರ್ಪು ಕೊಡುವವನಿಗೆ ಸೇರಿದ್ದು.